ಬೆನ್ನಿಗೆ ಹತ್ತದ ಮಣ್ಣು

ಕುಸ್ತಿ ಎಷ್ಟು ಹೊತ್ತಿಗೆ ಮುಗಿಯಬೇಕು ಎಂದು ನೇರಲಕಟ್ಟಿಯಲ್ಲಿ ಯಾರೂ ಕೇಳಿದವರಿರಲಿಲ್ಲ. ಇಬ್ಬರು ಕಣಕ್ಕಿಳಿದರೆ ಒಬ್ಬರ ಬೆನ್ನು ನೆಲಕ್ಕೆ ಹತ್ತುವವರೆಗೆ ಅದು ನಡೆಯುತ್ತಿತ್ತು. ಕೆಲವು ಜೋಡಿಗಳು ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಕೆಂಪೇರುವಷ್ಟರಲ್ಲಿ ಮುಗಿಯುತ್ತಿದ್ದವು. ಇನ್ನು ಕೆಲವಕ್ಕೆ, ನೋಡಲು ಬಂದವರು ಮನೆಗೆ ಹೋಗಿ ಎಮ್ಮೆ ಹಿಂಡಿ ತಿರುಗಿ ಬಂದರೂ ಅದೇ ಪಟ್ಟು, ಅದೇ ಜಾಗ.

ಮಾಯವ್ವನ ಕುಸ್ತಿ ಎರಡನೆಯ ಬಗೆಯದು. ಇಪ್ಪತ್ತನಾಲ್ಕು ವರ್ಷದ, ಗಿಡ್ಡ ಮೈಕಟ್ಟಿನ, ಅಗಲ ಹೆಗಲಿನ ಹುಡುಗಿ. ಕೈ ಕೂಡಿಸಿದ ಎರಡೇ ನಿಮಿಷಕ್ಕೆ ಕೆಳಗೆ ಹೋಗಿಬಿಡುತ್ತಿದ್ದಳು. ಹೊಟ್ಟೆ ನೆಲಕ್ಕೆ, ಅಂಗೈ ಮೊಳಕಾಲು ಮಣ್ಣೊಳಕ್ಕೆ, ಎದುರಾಳಿ ಬೆನ್ನ ಮೇಲೆ. ಹೊಸದಾಗಿ ನೋಡುವವರು ಆಯ್ತು, ಈ ಹುಡುಗಿ ಹೋದಳು ಎಂದುಕೊಳ್ಳುತ್ತಿದ್ದರು. ಆದರೆ ಅವಳಿಗೆ ಕುಸ್ತಿ ಕಲಿಸಿದ ವಸ್ತಾದ ದುಂಡಪ್ಪ ಇದಕ್ಕೆ ನೆಲ ಹಿಡಿಯೋದು ಎನ್ನುತ್ತಿದ್ದ. ಬೆನ್ನು ಹತ್ತಿಸಬೇಕಾದರೆ ಮೇಲಿದ್ದವಳು ಕೆಳಗಿದ್ದವಳನ್ನು ಎತ್ತಿ ಹೊರಳಿಸಲೇಬೇಕು. ಕೆಳಗಿದ್ದವಳು ತನ್ನ ಭಾರವನ್ನು ಭೂಮಿಗೆ ಒಪ್ಪಿಸಿ ಸುಮ್ಮನಿದ್ದರೆ ಸಾಕು. ಇಬ್ಬರಲ್ಲಿ ದಣಿಯುವವರು ಯಾರು, ನೀನೇ ಲೆಕ್ಕ ಹಾಕು ಎಂದು ಅವನು ಅವಳ ಹನ್ನೊಂದನೆಯ ವಯಸ್ಸಿನಲ್ಲಿ ಕೇಳಿದ್ದ. ಇಪ್ಪತ್ತೈದನೆಯ ನಿಮಿಷದ ಹೊತ್ತಿಗೆ ಮೇಲಿದ್ದವಳ ಬೆರಳು ಒಂದು ನೂಲಿನಷ್ಟು ಸಡಿಲಾಗುತ್ತದೆ. ಮಾಯವ್ವ ಕಾಯುತ್ತಿದ್ದುದು ಆ ನೂಲಿಗೆ. ಹತ್ತೊಂಬತ್ತು ಕಣ ಕಂಡಿದ್ದಳು. ಹದಿನಾರು ಗೆದ್ದಿದ್ದಳು, ಮೂರು ಸಮ. ಅವಳ ತಾಯಿ ಯಮುನವ್ವ ಮಗಳು ಕಣದಿಂದ ಮನೆಗೆ ಬಂದಕೂಡಲೇ ಭುಜ ಹಿಡಿದು ತಿರುಗಿಸಿ ಅಂಗಿಯ ಬೆನ್ನು ನೋಡುತ್ತಿದ್ದಳು. ಎದೆ, ಮೊಳಕೈ, ಮಂಡಿಯ ಮಣ್ಣು ತೊಳೆದು ತೊಳೆದು ಅವಳ ಕೈ ಕೆಂಪಾಗಿತ್ತು. ಬೆನ್ನಿನ ಮಣ್ಣು ತೊಳೆಯುವ ಸರದಿ ಒಮ್ಮೆಯೂ ಬಂದಿರಲಿಲ್ಲ.

ದುಂಡಪ್ಪನ ಗರಡಿ ಮೊದಲು ದನದ ಕೊಟ್ಟಿಗೆಯಾಗಿತ್ತು. ಊರ ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯುವುದಿಲ್ಲ ಎಂದು ಹಿರಿಯರು ಹೇಳಿದ ದಿನ ಅವನು ಮಾತಾಡದೆ ಮನೆಗೆ ಬಂದು ಎತ್ತುಗಳನ್ನು ಬಯಲಲ್ಲಿ ಕಟ್ಟಿದ್ದ. ಎಂಟು ಬಂಡಿ ಕೆಮ್ಮಣ್ಣು ತಂದು, ಜರಡಿ ಹಿಡಿದು, ಮಜ್ಜಿಗೆ, ಅರಿಷಿಣ, ಕರ್ಪೂರ, ಲಿಂಬೆಹಣ್ಣು ಕೂಡಿಸಿ ಹದ ಮಾಡಿದ್ದ. ಎತ್ತು ಹೊರಗೆ ಹಾಕಿ ಹೆಣ್ಣುಮಕ್ಕಳನ್ನು ಒಳಗೆ ಕಟ್ಟಿಕೊಂಡ ಎಂದು ಊರು ನಕ್ಕಿತ್ತು. ಆ ಮಣ್ಣಿಗೆ ಮೊದಲು ಕಾಲಿಟ್ಟವರು ಮಾಯವ್ವ ಮತ್ತು ಅದೇ ಓಣಿಯ ಗೋದಾವರಿ. ಈಗ ಇಪ್ಪತ್ತು ಹುಡುಗಿಯರಿದ್ದರು. ಎಲ್ಲರೂ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದರು.

ಆ ಗರಡಿಯಲ್ಲಿ, ಅದೇಕೆ ಹೊಳೆಸಾಲಿನ ಎಲ್ಲ ಗರಡಿಗಳಲ್ಲಿಯೂ, ಒಂದು ನಡಾವಳಿ ಇತ್ತು. ತಾಲೀಮಿನಲ್ಲಿ ಜೊತೆಯವರ ಬೆನ್ನನ್ನು ನೆಲಕ್ಕೆ ಹತ್ತಿಸುವಂತಿಲ್ಲ. ಪೂಜೆ ಮಾಡಿದ ಮಣ್ಣು, ಅದರ ಮೇಲೆ ಮನೆಯವರನ್ನು ಕೆಡವಬಾರದು ಎನ್ನುವುದು ಅದರ ಹಿಂದಿನ ಭಾವ. ಏಳೆಂಟು ನಿಮಿಷ ಹೆಣಗಿದ ಮೇಲೆ ವಸ್ತಾದ ಸಾಕು ಎನ್ನುತ್ತಾನೆ. ಇಬ್ಬರೂ ಬಿಡುತ್ತಾರೆ, ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಾರೆ, ವಸ್ತಾದನ ಕಾಲು ಮುಟ್ಟುತ್ತಾರೆ. ಅಲ್ಲಿ ಗೆದ್ದವರಿಲ್ಲ, ಸೋತವರಿಲ್ಲ.

ಯಂತ್ರ ಬಂದದ್ದು ಕಬ್ಬು ಕಡಿಯುವ ಹಂಗಾಮಿನಲ್ಲಿ. ಮಣ್ಣಿನ ಕುಸ್ತಿ ಲೀಗ್ ಎಂದು ಹೊಸದಾಗಿ ಹುಟ್ಟಿಕೊಂಡಿತ್ತು. ಊರೂರಿನ ಗರಡಿಗಳಿಂದ ಹೆಸರು ಬರೆಸಿಕೊಂಡು ಟೀವಿಗೆ ಕುಸ್ತಿ ತೋರಿಸುವವರು. ಅವರ ಕಡೆಯಿಂದ ಶ್ರೀಪಾದ ಎಂಬ ಧಾರವಾಡದ ಎಂಜಿನಿಯರು ಬಂದು, ದುಂಡಪ್ಪನ ಗರಡಿಯ ಮಣ್ಣನ್ನು ಒಂದು ಗೇಣು ತೆಗೆಸಿ, ಕೆಳಗೆ ಸೀರೆಯಷ್ಟು ತೆಳ್ಳಗಿನ ಒಂದು ಜಾಳಿಗೆ ಹಾಸಿ, ಮತ್ತೆ ಮಣ್ಣು ಮುಚ್ಚಿಸಿದ. ಯಾವ ಪಾದದ ಮೇಲೆ ಎಷ್ಟು ಭಾರ ಬಿತ್ತು, ಅದು ಯಾವ ಕಡೆ ಸರಿಯಿತು ಎನ್ನುವುದನ್ನು ಆ ಜಾಳಿಗೆ ಸೆಕೆಂಡಿಗೆ ನಲವತ್ತು ಸಲ ಅಳೆಯುತ್ತಿತ್ತು. ಹುಡುಗಿಯರ ಎದೆಗೆ ಎರಡು ಬೆರಳಿನಗಲದ ಪಟ್ಟಿ. ಅದು ಉಸಿರು, ಎದೆ ಬಡಿತ, ಬೆವರಿನ ಉಪ್ಪು ನೋಡುತ್ತಿತ್ತು. ಇಂಥ ಸಾವಿರಾರು ಕುಸ್ತಿ ನೋಡಿ ನೋಡಿ ಯಂತ್ರ ಕಲಿಯುತ್ತದೆ, ಆಮೇಲೆ ಹೊಸ ಜೋಡಿಯೊಂದು ಕೈ ಕೂಡಿಸಿದರೆ ಮುಂದೇನಾಗುತ್ತದೆ ಎಂದು ಮೊದಲೇ ಹೇಳುತ್ತದೆ ಎಂದು ಶ್ರೀಪಾದ ವಿವರಿಸಿದ. ಊರವರು ಅಂದಿನಿಂದಲೇ ಅದಕ್ಕೆ ಜೋಯಿಸ ಎಂದು ಹೆಸರಿಟ್ಟರು. ಸೊಸೆ ಗಂಡು ಹಡೀತಾಳೋ ಹೆಣ್ಣು ಹಡೀತಾಳೋ ಕೇಳಿ ನೋಡ್ರಿ ಎಂದು ಒಬ್ಬ ಮುದುಕಿ ಶ್ರೀಪಾದನನ್ನು ದಾರಿಯಲ್ಲಿ ನಿಲ್ಲಿಸಿದ್ದಳಂತೆ.

ಇದು ಯಾಕೆ ಎಂದು ಹುಡುಗಿಯರು ಕೇಳಿದಾಗ ದುಂಡಪ್ಪ, ಎಲುಬು ಸರಿಯೋದು, ನರ ಹಿಡಿಯೋದು ಮೊದಲೇ ಗೊತ್ತಾಗಲಿ ಅಂತ ಎಂದಿದ್ದ. ಕಾಕಾ ಹೇಳಿದ ಮೇಲೆ ಮುಗಿಯಿತು. ಆರು ತಿಂಗಳು ಮಾಯವ್ವ ದಿನಾ ಬೆಳಗ್ಗೆ ಪಟ್ಟಿ ಕಟ್ಟಿಕೊಂಡು ಎರಡೆರಡು ಸಲ ಗೋದಾವರಿಯ ಕೆಳಗೆ ಬಿದ್ದಳು. ದುಂಡಪ್ಪ ಮೂಲೆಯ ಸ್ಟೂಲಿನ ಮೇಲೆ ಕುಳಿತು ಪ್ರತಿ ಜೋಡಿಗೊಂದು ಕಾಗದದಲ್ಲಿ ಏನೋ ಬರೆದು ಡಬ್ಬಿಗೆ ಹಾಕುತ್ತಿದ್ದ. ಶನಿವಾರ ಶನಿವಾರ ಶ್ರೀಪಾದ ಬಂದು ಆ ಕಾಗದಗಳನ್ನು ಒಯ್ಯುತ್ತಿದ್ದ.

ನಿಯಮ ಬದಲಿಸುವ ಸಭೆ ತಾಲೂಕು ಕ್ರೀಡಾಂಗಣದಲ್ಲಿ ಸೇರಿತು. ನಲವತ್ತು ಗರಡಿಯ ವಸ್ತಾದರು ಮುಂದಿನ ಕುರ್ಚಿಗಳಲ್ಲಿ, ಪೈಲ್ವಾನರು ಹಿಂದೆ. ಲೀಗಿನ ಕಡೆಯ ಹೆಂಗಸು ನೇರವಾಗಿ ಮಾತಾಡಿದಳು. ಹೋದ ವರ್ಷದ ಕೊನೆಯ ಕುಸ್ತಿ ಐವತ್ತೆರಡು ನಿಮಿಷ ನಡೆಯಿತು. ನಲವತ್ತು ನಿಮಿಷದ ಹೊತ್ತಿಗೆ ನೋಡುವವರಲ್ಲಿ ಮುಕ್ಕಾಲು ಮಂದಿ ಎದ್ದು ಹೋಗಿದ್ದರು. ಪಟ್ಟಣದ ಮ್ಯಾಟ್ ಕುಸ್ತಿ ಆರು ನಿಮಿಷಕ್ಕೆ ಮುಗಿಯುತ್ತದೆ, ಮಕ್ಕಳು ಅಲ್ಲಿಗೇ ಹೋಗುತ್ತಿದ್ದಾರೆ. ಹೀಗೇ ಬಿಟ್ಟರೆ ಹತ್ತು ವರ್ಷಕ್ಕೆ ಮಣ್ಣಿನ ಕುಸ್ತಿ ಇರುವುದಿಲ್ಲ. ಆದ್ದರಿಂದ ಖಚಿತ ನಿಯಮ. ಕುಸ್ತಿ ನಡೆಯುವಾಗ ಯಂತ್ರ ಇಬ್ಬರ ಗೆಲುವಿನ ಅಂದಾಜನ್ನು ಹಲಗೆಯ ಮೇಲೆ ತೋರಿಸುತ್ತಿರುತ್ತದೆ. ಒಬ್ಬರ ಅಂಕಿ ನೂರಕ್ಕೆ ತೊಂಬತ್ತೈದು ಮುಟ್ಟಿದರೆ ಗಂಟೆ ಬಾರಿಸುತ್ತದೆ, ಕುಸ್ತಿ ಅಲ್ಲಿಗೆ ಮುಗಿಯಿತು. ಗೊತ್ತಾದದ್ದನ್ನು ಮತ್ತೆ ಅರ್ಧ ತಾಸು ನೋಡುವುದು ಯಾಕೆ?

ಗೋಕಾಕ ಕಡೆಯ ಒಬ್ಬ ಮುದಿ ಪೈಲ್ವಾನ ಎದ್ದು ನಿಂತ. ಕಿವಿಗಳೆರಡೂ ಕುಸ್ತಿಯಲ್ಲಿ ಮುದ್ದೆಯಾದವನು.

"ಅಕ್ಕಾರ, ಊಟಕ್ಕ ಕುಂತೀರಿ ಅಂತ ಇಟಗೊಳ್ರಿ. ಎರಡ ತುತ್ತ ಉಂಡ ಕೂಡಲೆ ನಿಮಗ ಹೊಟ್ಟಿ ತುಂಬತೈತಿ ಅನ್ನೂದು ನಮಗ ಖಾತ್ರಿ ಆತು, ಏಳ್ರಿ ಅಂತ ತಾಟ ಎತ್ತಿದ್ರ ಏಳ್ತೀರೇನು?"

ಸಭೆ ನಕ್ಕಿತು. ಹೆಂಗಸೂ ನಕ್ಕಳು. ಆದರೆ ಇನ್ನೊಬ್ಬ ವಸ್ತಾದ ಎದ್ದು, ಹೋದ ವರ್ಷ ತಾನು ಅದೇ ಐವತ್ತೆರಡು ನಿಮಿಷದ ಕುಸ್ತಿಯ ನಡುವೆ ಹೊರಗೆ ಹೋಗಿ ಮಿರ್ಚಿ ಭಜಿ ತಿಂದು ಚಹಾ ಕುಡಿದು ಬಂದೆ, ಅವರು ಇಟ್ಟ ಕೈ ಇಟ್ಟಲ್ಲೇ ಇತ್ತು, ತನ್ನ ಮೊಮ್ಮಗ ತಾತಾ ಇವರು ಮಲಗ್ಯಾರೇನು ಎಂದು ಕೇಳಿದ ಎಂದಾಗ ನಗು ಇನ್ನೂ ಜೋರಾಯಿತು. ವಾದ ಮಧ್ಯಾಹ್ನದವರೆಗೆ ನಡೆಯಿತು. ದುಂಡಪ್ಪ ಬಾಯಿ ಬಿಡಲಿಲ್ಲ. ಅವನು ಮಾತಾಡುತ್ತಾನೆ, ನೆಲ ಹಿಡಿಯುವ ಕುಸ್ತಿ ಎಂದರೇನು ಎಂದು ತಿಳಿಸಿ ಹೇಳುತ್ತಾನೆ ಎಂದು ಹಿಂದಿನ ಸಾಲಿನಲ್ಲಿ ಮಾಯವ್ವ ಕಾದೇ ಕಾದಳು. ಕಾಯುವುದು ಅವಳಿಗೆ ಗೊತ್ತಿದ್ದ ಕೆಲಸ. ಕೊನೆಗೆ ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದರು. ಅವಳ ಮುಂದೆ ನಾಲ್ಕನೆಯ ಸಾಲಿನಲ್ಲಿ ಬಿಳಿ ತೋಳಿನ ಒಂದು ಕೈ ನಿಧಾನವಾಗಿ ಮೇಲಕ್ಕೆ ಹೋಯಿತು. ಆ ಕೈಯ ಕಿರುಬೆರಳು ಮುರಿದು ಕೂಡಿದ್ದು. ಅದು ಯಾರದೆಂದು ತಿಳಿಯಲು ಅವಳು ಮುಖ ನೋಡಬೇಕಾಗಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ಅವಳು ದುಂಡಪ್ಪನನ್ನು ಕೇಳಿದಳು. ಎಲ್ಲರೂ ಎತ್ತಿದರು, ನಾನೊಬ್ಬ ಕೂತರೆ ಏನಾಗುತ್ತಿತ್ತು ಎಂದ. ಅದೂ ನಿಜವೇ ಇರಬಹುದು ಎಂದುಕೊಂಡಳು.

ಲೀಗಿನ ಕಣದಲ್ಲಿ ಅವಳ ಮೊದಲ ಕುಸ್ತಿ ಒಂದು ನಿಮಿಷ ಐವತ್ತು ಸೆಕೆಂಡು ನಡೆಯಿತು. ಕೆಳಗೆ ಹೋದಳು. ಅಂಗೈ ಊರಿದಳು. ಹೊಟ್ಟೆಯಿಂದ ಭಾರವೆಲ್ಲ ನೆಲಕ್ಕಿಳಿದು, ಉಸಿರು ತನ್ನ ದಾರಿ ಹಿಡಿಯಿತು. ಅಷ್ಟರಲ್ಲಿ ಗಂಟೆ. ಮೇಲಿದ್ದ ಹುಡುಗಿಯೂ ಏನಾಯಿತೆಂದು ತಿಳಿಯದೆ ಪಂಚರ ಮುಖ ನೋಡಿದಳು. ಹಲಗಿ ಬಾರಿಸುವವರು ಕೋಲೆತ್ತುವ ಮೊದಲೇ ಮುಂದಿನ ಜೋಡಿಯನ್ನು ಕರೆದರು.

ಆ ದಿನ ಯಮುನವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದು ಮಗಳನ್ನು ತಿರುಗಿಸಿ ನೋಡಿದಳು. ಅಂಗಿಯ ಬೆನ್ನು ತೊಳೆದಿಟ್ಟಂತೆಯೇ ಇತ್ತು.

"ಸೋತೀ ಅಂದ್ರು?"

"ಹೂಂ."

"ಬೆನ್ನಿಗೆ ಮಣ್ಣ ಹತ್ತಿಲ್ಲಲ್ಲ. ಎದರಾಗ ಸೋತಿ?"

ಮಾಯವ್ವ ಯಂತ್ರದ ವಿಷಯ ಬಿಡಿಸಿ ಹೇಳಿದಳು. ಯಮುನವ್ವ ಕೊನೆಯವರೆಗೆ ಕೇಳಿ, ಹಂಗಾದರೆ ಹೊಲದಲ್ಲಿ ಬೀಜ ಬಿದ್ದ ದಿನವೇ ರಾಶಿ ಮಾಡಿದಂತಾಯಿತಲ್ಲ ಎಂದು ಒಲೆಯ ಕಡೆ ಹೋದಳು. ರೊಟ್ಟಿ ಹೊತ್ತಿತ್ತು.

ಎರಡನೆಯ ಕುಸ್ತಿ ಒಂದು ನಿಮಿಷ ನಲವತ್ತು. ಮೂರು ಸೋಲಾದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಲೀಗ್ ಬಂದ ಮೇಲೆ ಬೇರೆ ಕಣಗಳೆಲ್ಲ ಮುಚ್ಚಿದ್ದವು. ಲೀಗಿನಲ್ಲಿಲ್ಲದವರಿಗೆ ಆಡಲು ಜಾಗವೇ ಇರಲಿಲ್ಲ. ಬರುವ ಭಾನುವಾರದ ಕುಸ್ತಿ ಅವಳ ಮೂರನೆಯದು. ಹದಿಮೂರು ವರ್ಷ ಕಲಿತದ್ದೆಲ್ಲ ಆ ಎರಡು ನಿಮಿಷಕ್ಕೆ ಬಂದು ನಿಂತಿತ್ತು. ಮೇಲೆಯೇ ಉಳಿದು ಆಡು ಎಂದು ಗೋದಾವರಿ ಹೇಳಿಕೊಟ್ಟು ನೋಡಿದಳು. ಎಡಗೈಯವರಿಗೆ ಬಲಗೈಯಲ್ಲಿ ಉಣ್ಣು ಎಂದಂತಾಯಿತು. ಎರಡು ದಿನ ಪ್ರಯತ್ನಿಸಿ ಹೆಗಲು ನೋಯಿಸಿಕೊಂಡಳು.

ಬುಧವಾರ ಅವಳು ತಾಲೂಕಿಗೆ ಹೋಗಿ ಶ್ರೀಪಾದನನ್ನು ಹುಡುಕಿದಳು. ಕ್ರೀಡಾಂಗಣದ ಹಿಂದೆ ಲಾರಿಯ ಮೇಲಿನ ಒಂದು ಕಬ್ಬಿಣದ ಪೆಟ್ಟಿಗೆಯೇ ಅವನ ಕಚೇರಿ. ಒಳಗೆ ಎಸಿಯ ಮಾಘದ ಚಳಿ, ಸಾಲಾಗಿ ಏಳು ಪರದೆ. ಅವನು ಕುರ್ಚಿ ಕೊಟ್ಟು, ಅವಳ ಎರಡೂ ಕುಸ್ತಿಗಳ ಗೆರೆಗಳನ್ನು ಪರದೆಗೆ ತಂದ. ಎರಡರಲ್ಲಿಯೂ ಒಂದೇ ಕಡೆ ಅವಳ ಗೆರೆ ಬಾವಿಗೆ ಬಿದ್ದ ಕೊಡದಂತೆ ಕೆಳಗಿಳಿದಿತ್ತು.

"ಇಲ್ಲಿ ನೋಡ್ರಿ. ಕೆಳಗ ಬಿದ್ದ ಮ್ಯಾಲೆ ಎಲ್ಲಾರ ಎದಿ ಬಡಿತ ಏರ್ತದ. ನಿಮ್ಮದು ಇಳೀತದ. ಮೊದಲ ಪಟ್ಟಿನೇ ಕೆಟ್ಟದ ಅಂತ ಎರಡು ಸಲ ಬದಲಿ ಮಾಡಿಸಿದೆ. ಇಷ್ಟು ಸಾವಧಾನ ಇರೋ ಮನಷ್ಯಾರನ್ನ ನಾ ನೋಡಿಲ್ಲ."

"ಸಾವಧಾನ ಇದ್ರ ಸೋಲು ಅಂತ ಯಾರ ಹೇಳಿದ್ರಿ ಅದಕ್ಕ?"

ಯಂತ್ರಕ್ಕೆ ಯಾರೂ ಏನೂ ಹೇಳುವುದಿಲ್ಲ, ಅದು ಹಿಂದಿನ ಕುಸ್ತಿಗಳಿಂದ ಕಲಿಯುತ್ತದೆ ಎಂದು ಅವನು ತಾಳ್ಮೆಯಿಂದ ಹೇಳಿದ. ಇಂಥ ಭಾರ, ಇಂಥ ಬಡಿತ, ಕೊನೆಗೆ ಸೋಲು ಎಂದು ನೂರು ಸಲ ಕಂಡರೆ ನೂರ ಒಂದನೆಯ ಸಲ ಅದು ತಾನೇ ಸೋಲು ಎನ್ನುತ್ತದೆ. ನೆಲ ಹಿಡಿದು ಹೀಗೆ ಬಡಿತ ಇಳಿಸುವವರು ಬೇರೆ ಯಾರೂ ಇಲ್ಲ, ಆದ್ದರಿಂದ ಇದನ್ನು ಅದು ಅವಳಿಂದಲೇ ಕಲಿತಿದೆ. ಅವಳ ಲೆಕ್ಕ ತೆಗೆದು ತೋರಿಸಿದ. ಮುನ್ನೂರ ಹನ್ನೆರಡು ಕುಸ್ತಿ, ಮುನ್ನೂರ ಹನ್ನೆರಡು ಸೋಲು.

ಮಾಯವ್ವ ಪರದೆಯ ಮೇಲಿನ ಅಂಕಿಗೆ ಬೆರಳಿಟ್ಟಳು. ತಾನು ಸೋತದ್ದು ಯಾವಾಗ ಎಂದು ಕೇಳಿದಳು. ಅವನು ಕಪಾಟಿನಿಂದ ಒಂದು ಕಟ್ಟು ಕಾಗದ ತಂದು ಮುಂದಿಟ್ಟ. ಅಚ್ಚು ಹಾಕಿಸಿದ ಕಾಗದ, ದಿನಾಂಕ, ನಿಮಿಷ, ಕೆಳಗೆ ಎರಡೇ ಚೌಕ. ಗೆದ್ದವರು: ಗೋದಾವರಿ. ಸೋತವರು: ಮಾಯವ್ವ. ನೀಲಿ ಶಾಯಿ, ಬಾಲ ಎಳೆದ ವಕಾರ. ಹೈಸ್ಕೂಲಿಗೆ ಸೇರುವಾಗ ಅವಳ ಅರ್ಜಿಯ ಮೇಲೆ ಅವಳ ಹೆಸರನ್ನು ಬರೆದಿದ್ದೂ ಅದೇ ಕೈ. ಎರಡನೆಯ ಹಾಳೆ ತಿರುವಿದಳು, ಹತ್ತನೆಯದು, ಇನ್ನೂ ಕೆಳಗಿನದು. ಎಲ್ಲ ಏಳು ನಿಮಿಷ, ಎಂಟು ನಿಮಿಷ.

ಅವು ಮುಗಿದ ಕುಸ್ತಿಗಳಲ್ಲ, ತಾಲೀಮು, ವಸ್ತಾದರು ನಡುವೆ ಬಿಡಿಸುತ್ತಾರೆ ಎಂದು ಅವಳು ನಡಾವಳಿಯನ್ನು ಹೇಳಿದಾಗ ಶ್ರೀಪಾದನ ಮುಖ ಇಳಿಯಿತು. ಅವನಿಗೆ ಅದು ಗೊತ್ತೇ ಇರಲಿಲ್ಲ. ಕೇಳಬೇಕೆಂದು ಹೊಳೆದಿರಲಿಲ್ಲ, ಹೇಳಬೇಕೆಂದು ಯಾರಿಗೂ ಅನಿಸಿರಲಿಲ್ಲ. ಅವನು ಅಲ್ಲಿಂದಲೇ ಮೇಲಿನವರಿಗೆ ಫೋನು ಹಚ್ಚಿದ. ಬಹಳ ಹೊತ್ತು ಮಾತಾಡಿ ಬಂದು ಹೇಳಿದ: ಇವು ನಡುವೆ ಬಿಡಿಸಿದ ಕುಸ್ತಿ ಎಂದು ಬರೆದವರೇ ಸಹಿ ಮಾಡಿ ಕೊಟ್ಟರೆ ಈ ಕಾಗದಗಳನ್ನು ತೆಗೆದುಹಾಕಿ ಯಂತ್ರಕ್ಕೆ ಮತ್ತೆ ಕಲಿಸುತ್ತಾರೆ. ಆ ಪತ್ರ ಬಂದರೆ ಅವಳ ಎರಡೂ ಸೋಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪತ್ರ ಶನಿವಾರದೊಳಗೆ ಬೇಕು.

"ವಸ್ತಾದರ ನಾಲ್ಕು ಸಾಲು ಸಾಕ್ರಿ. ನಾ ಶನಿವಾರ ಹೆಂಗೂ ಬರ್ತೀನಲ್ಲ."

ಗುರುವಾರ ಬೆಳಗ್ಗೆ ದುಂಡಪ್ಪ ಒಬ್ಬನೇ ಗರಡಿಯಲ್ಲಿದ್ದ. ಮಣ್ಣನ್ನು ಗುದ್ದಲಿಯಿಂದ ಸಡಿಲ ಮಾಡಿ, ಚರಿಗೆಯಿಂದ ಮಜ್ಜಿಗೆ ಚಿಮುಕಿಸಿ, ಕೈಯಿಂದ ಕಲಸುತ್ತಿದ್ದ. ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ ಮಾಯವ್ವ ಮಣ್ಣಿಗಿಳಿಯಲಿಲ್ಲ. ಅಂಚಿನಲ್ಲಿ ನಿಂತು, ಕಂಡದ್ದನ್ನೆಲ್ಲ ಹೇಳಿದಳು. ಪತ್ರದ ವಿಷಯ ಹೇಳಿದಳು. ಅವನು ಕಲಸುವುದನ್ನು ನಿಲ್ಲಿಸಲಿಲ್ಲ.

ಆ ಕಾಗದದಲ್ಲಿ ಎರಡೇ ಚೌಕ ಇದ್ದವು ಎಂದ. ಖಾಲಿ ಬಿಟ್ಟರೆ ಯಂತ್ರ ತೆಗೆದುಕೊಳ್ಳುವುದಿಲ್ಲ, ತುಂಬಲೇಬೇಕಿತ್ತು. ಮೇಲೆ ಇದ್ದವರನ್ನು ಮೇಲೆ ಬರೆದೆ, ಕೆಳಗಿದ್ದವರನ್ನು ಕೆಳಗೆ ಬರೆದೆ.

"ನಿಯಮ ಬರತೈತಿ ಅನ್ನೂದು ಆವಾಗ ಗೊತ್ತಿತ್ತೇನು ಕಾಕಾ?"

ಅವನು ಒಂದು ಹೆಂಟೆ ತೆಗೆದು ಬೆರಳ ನಡುವೆ ಪುಡಿ ಮಾಡಿದ. ಪುಡಿಯಾದ ಮೇಲೂ ತಿಕ್ಕುತ್ತಲೇ ಇದ್ದ.

"ಗೊತ್ತಿತ್ತು."

ಹೊರಗೆ ಬಯಲಲ್ಲಿ ಕಟ್ಟಿದ ಎತ್ತು ಕೊರಳಾಡಿಸಿತು. ಅವನೇ ಮುಂದುವರಿಸಿದ. ಬರೆದುಕೊಡುವುದು ದೊಡ್ಡದಲ್ಲ. ಆದರೆ ಅವಳ ಮುನ್ನೂರು ತಪ್ಪು ಎಂದಾದರೆ ನಲವತ್ತು ಗರಡಿಯ ಸಾವಿರಾರು ಕಾಗದವೂ ತಪ್ಪು ಎಂದಾಗುತ್ತದೆ, ಸಾಕು ಅನ್ನುವ ನಡಾವಳಿ ಎಲ್ಲ ಕಡೆ ಒಂದೇ. ಯಂತ್ರ ಸುಳ್ಳು ಎಂದ ಮೇಲೆ ಲೀಗು ನಿಲ್ಲುವುದಿಲ್ಲ. ಲೀಗು ಹೋದರೆ ಮತ್ತೆ ಮ್ಯಾಟು. ಈ ಮಣ್ಣನ್ನು ಹೊಲಕ್ಕೆ ಚೆಲ್ಲಿ ಎತ್ತನ್ನು ಒಳಗೆ ಕಟ್ಟಬೇಕಾಗುತ್ತದೆ. ಲೀಗು ಬಂತೆಂದೇ ಊರಿನವರು ಇಂದು ತಮ್ಮ ಹೆಣ್ಣುಮಕ್ಕಳನ್ನು ಈ ಬಾಗಿಲೊಳಗೆ ಕಳಿಸುತ್ತಿದ್ದಾರೆ.

"ಇಪ್ಪತ್ತ ಮಂದಿ ಅದಾರವ್ವಾ ಈಗ. ಒಬ್ಬಾಕಿ ಸಲುವಾಗಿ..." ಎಂದು ನಿಲ್ಲಿಸಿದ.

"ಆ ಒಬ್ಬಾಕಿ ಯಾರಾಗಬೇಕು ಅನ್ನೂದನ್ನ ನೀವ ಆರಿಸಿದ್ರಿ. ನನಗ ಒಂದ ಮಾತ ಕೇಳಿದ್ರ, ನಾನಽ ಹೂಂ ಅಂತಿದ್ನೋ ಏನೋ. ದಿನಾ ಮುಂಜಾನೆ ನಿಮ್ಮ ಕಾಲ ಮುಟ್ಟತಿದ್ದೆ. ನೀವು ಆ ಕಾಲಿನ ಮ್ಯಾಲ ಕಾಗದ ಇಟಗೊಂಡು ನಾ ಸೋತೆ ಅಂತ ಬರೀತಿದ್ರಿ."

ನೀನು ಕೆಳಗೇ ಇರುತ್ತಿದ್ದೆಯಲ್ಲ ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ. ಹೇಳಿದ ಮೇಲೆ ಅವನಿಗೇ ಕೇಳಿಸಿರಬೇಕು, ತಲೆ ಎತ್ತಲಿಲ್ಲ. ಕೆಳಗಿದ್ದವಳು ಸೋತಿಲ್ಲ ಎಂದು ಹದಿಮೂರು ವರ್ಷ ಹೇಳಿಕೊಟ್ಟ ಬಾಯಿ ಅದು.

ಶನಿವಾರ ಮುಂಜಾನೆ ಗೋದಾವರಿಯೊಡನೆ ತಾಲೀಮು ಇದೆ, ಆ ದಿನ ಮಾತ್ರ ಸಾಕು ಅನ್ನಬೇಡಿರಿ, ಕೊನೆಗೆ ಏನಾಯಿತೋ ಅದನ್ನೇ ಬರೆಯಿರಿ ವಸ್ತಾದರೇ ಎಂದು ಹೇಳಿ ಮಾಯವ್ವ ಹೊರಟಳು. ಕಾಕಾ ಎನ್ನದೆ ಹೋದದ್ದು ಅವನಿಗೆ ಬಾಗಿಲು ಖಾಲಿಯಾದ ಮೇಲೆ ತಿಳಿಯಿತು.

ಗೋದಾವರಿಗೆ ನಲ್ಲಿಯ ಕಟ್ಟೆಯಲ್ಲಿ ವಿಷಯ ತಿಳಿಸಿದಾಗ ಅವಳು ಕೊಡ ಇಳಿಸಿ ಕುಳಿತಳು. ಆ ಕಾಗದಗಳಲ್ಲಿ ತಾನು ಮುನ್ನೂರ ಹನ್ನೆರಡು ಸಲ ಗೆದ್ದಿದ್ದೇನೆ ಎನ್ನುವುದು ಅವಳಿಗೂ ಹೊಸ ಸುದ್ದಿ. ನಿನ್ನ ಮೇಲೆ ಅರ್ಧ ತಾಸು ಬೀಳಬೇಕೆಂದರೆ ನಮ್ಮವ್ವ ನನಗೆ ತಾಕತ್ತಿಗೆ ಅಂಟಿನುಂಡಿ ಕಟ್ಟಿಕೊಡಬೇಕು ಎಂದು ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು.

"ನಾ ಬೇಕಂತ ಬೀಳಂಗಿಲ್ಲ ನೋಡು ಮತ್ತ."

"ಬಿದ್ದಿ ಅಂದ್ರ ನಿನಗೂ ನನಗೂ ಮಾತಽ ಇಲ್ಲ."

ಶನಿವಾರ ಬಿಸಿಲು ಹಂಚಿನ ಸಂದಿನಿಂದ ಇಳಿಯುವ ಹೊತ್ತಿಗೆ ಇಬ್ಬರೂ ಮಣ್ಣಿಗಿಳಿದರು. ಉಳಿದ ಹುಡುಗಿಯರು ಗೋಡೆಗೆ ಒರಗಿ ಕುಳಿತಿದ್ದರು. ದುಂಡಪ್ಪ ಸ್ಟೂಲಿನ ಮೇಲೆ, ತೊಡೆಯ ಮೇಲೆ ಕಾಗದ. ಲೀಗಿನವರು ತಾಲೀಮಿಗೆಂದು ಗೋಡೆಗೆ ಹಾಕಿದ್ದ ಸಣ್ಣ ಹಲಗೆ ಐವತ್ತು ಐವತ್ತು ಎಂದು ಹೊತ್ತಿಕೊಂಡಿತು.

ಒಂದೂವರೆ ನಿಮಿಷಕ್ಕೆ ಮಾಯವ್ವ ಕೆಳಗೆ ಹೋದಳು. ಎರಡು ನಿಮಿಷಕ್ಕೆ ಹಲಗೆಯ ಮೇಲೆ ಗೋದಾವರಿಯ ಅಂಕಿ ತೊಂಬತ್ತಾರಾಯಿತು, ಯಂತ್ರ ಗಂಟೆ ಬಾರಿಸಿತು. ಯಾರೂ ಬಿಡಲಿಲ್ಲ. ಗೋದಾವರಿ ಸೊಂಟ ಹಿಡಿದು ಎತ್ತಿ ನೋಡಿದಳು, ಕಾಲು ಸಿಕ್ಕಿಸಿ ಹೊರಳಿಸಿ ನೋಡಿದಳು, ಗದ್ದ ಹಿಡಿದು ತಿರುವಿ ನೋಡಿದಳು. ನೆಲಕ್ಕೆ ಬೇರು ಬಿಟ್ಟಂತೆ ಮಾಯವ್ವ ಕದಲಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು.

ಎಂಟನೆಯ ನಿಮಿಷಕ್ಕೆ ದುಂಡಪ್ಪ, "ಸಾಕು" ಎಂದ.

ಬೇಕೆಂದು ಹೇಳಿದನೋ, ಅಷ್ಟು ವರ್ಷದ ರೂಢಿಯಿಂದ ನಾಲಗೆ ತಾನೇ ಆಡಿತೋ, ಅವನ ಮುಖದಿಂದ ಗೊತ್ತಾಗಲಿಲ್ಲ. ಗೋದಾವರಿಯ ಕೈ ಒಂದು ಕ್ಷಣ ಹಿಂಜರಿಯಿತು. ಕೆಳಗಿನಿಂದ ಮಾಯವ್ವ ಮಣ್ಣಿನೊಳಕ್ಕೇ ಹೇಳಿದಂತೆ, "ಬಿಡಬ್ಯಾಡ" ಎಂದಳು. ಗೋದಾವರಿ ಬಿಡಲಿಲ್ಲ.

ಹದಿನೈದಾಯಿತು. ಇಪ್ಪತ್ತಾಯಿತು. ಗೋದಾವರಿಯ ಬೆವರು ಹನಿಹನಿಯಾಗಿ ಮಾಯವ್ವನ ಕತ್ತಿನ ಮೇಲೆ ಬೀಳುತ್ತಿತ್ತು. ಹಲಗೆಯ ಅಂಕಿ ತೊಂಬತ್ತೆಂಟು. ಗೋಡೆಗೊರಗಿದ್ದ ಹುಡುಗಿಯರಲ್ಲಿ ಸಣ್ಣವಳೊಬ್ಬಳು ತೂಕಡಿಸಿ ಎಚ್ಚೆತ್ತಳು. ಇಪ್ಪತ್ತೆಂಟನೆಯ ನಿಮಿಷಕ್ಕೆ ಗೋದಾವರಿ ಬಲಗೈ ಬದಲಿಸಿದಳು. ಬದಲಿಸುವಾಗ ಬೆರಳು ಸಡಿಲಾಯಿತು, ಒಂದು ನೂಲಿನಷ್ಟೇ. ಮಾಯವ್ವನ ಕೈ ಆ ಮಣಿಕಟ್ಟನ್ನು ಆಗಲೇ ಹಿಡಿದಾಗಿತ್ತು. ಹಿಡಿದು ಕಂಕುಳಿಗೆ ಸಿಕ್ಕಿಸಿದಳು, ಮಂಡಿ ಎಳೆದುಕೊಂಡಳು, ಎದ್ದಳು. ಹೊರೆ ಇಳಿಸುವವರಂತೆ ಹೆಗಲು ವಾಲಿಸಿ ಗೋದಾವರಿಯನ್ನು ತನ್ನ ಮೇಲಿಂದ ಇಳಿಸಿದಳು. ಧಪ್ಪೆಂದು ಬಿದ್ದವಳ ಎರಡೂ ಭುಜ ಮಣ್ಣೊಳಗೆ ಒತ್ತಿ ಕುಳಿತವು. ಮಾಯವ್ವ ಅವಳ ಎದೆಯ ಮೇಲೆ ಭಾರ ಬಿಟ್ಟು ಮನಸ್ಸಿನಲ್ಲೇ ಹತ್ತು ಎಣಿಸಿ ಎದ್ದಳು.

ಆ ಮಣ್ಣಿನ ಮೇಲೆ ಒಬ್ಬರ ಬೆನ್ನು ಹತ್ತಿದ್ದು ಅದೇ ಮೊದಲು. ಗೋಡೆಗೊರಗಿದ್ದ ಹುಡುಗಿಯರು ಎದ್ದು ನಿಂತಿದ್ದರು. ಗೋದಾವರಿ ಬಿದ್ದಲ್ಲೇ ಉಸಿರು ಎಳೆದುಕೊಳ್ಳುತ್ತ ತಲೆಯನ್ನಷ್ಟೇ ಸ್ಟೂಲಿನ ಕಡೆ ಹೊರಳಿಸಿದಳು.

"ನಾ ಸೋತೇನಿ ಕಾಕಾ. ಬರೀರಿ."

ದುಂಡಪ್ಪ ಪೆನ್ನಿನ ಮುಚ್ಚಳ ತೆಗೆದ. ಮಾಯವ್ವ ಗೋದಾವರಿಗೆ ಕೈಕೊಟ್ಟು ಎಬ್ಬಿಸಿದಳು, ಚಿಟಿಕೆ ಮಣ್ಣು ಹಣೆಗಿಟ್ಟುಕೊಂಡಳು, ಸ್ಟೂಲಿನ ಹತ್ತಿರ ಹೋಗದೆ ಬಾಗಿಲಲ್ಲಿ ತಗ್ಗಿ ಹೊರಗೆ ನಡೆದಳು. ಗೋಡೆಯಾಚೆ ದನ ನೀರು ಕುಡಿಯುವ ಕಲ್ಲುದೋಣಿ. ಅಲ್ಲಿಯೇ ಹುಡುಗಿಯರು ಮೈ ತೊಳೆಯುವುದು. ಅವಳು ಬೊಗಸೆಯಲ್ಲಿ ನೀರು ತೆಗೆದು ಮುಖಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಶ್ರೀಪಾದನ ಬೈಕು ಬಂದು ನಿಂತಿತು. ಅವಳನ್ನು ನೋಡಿ ನಕ್ಕು, ಪತ್ರ ಸಿಕ್ಕಿತೇನು ಎಂದು ಕೈಸನ್ನೆ ಮಾಡಿ ಒಳಗೆ ಹೋದ. ಕೊಟ್ಟಿಗೆಯ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಗಳಿದ್ದವು, ಒಳಗಿನ ಮಾತು ಹೊರಗೆ ಕೇಳುತ್ತಿತ್ತು.

ಪತ್ರದ ಬಗ್ಗೆ ಶ್ರೀಪಾದ ಕೇಳಿದ. ಬರೆದಿಲ್ಲ ಎಂದಿತು ವಸ್ತಾದನ ದನಿ. ಡಬ್ಬಿಯ ಮುಚ್ಚಳ ತೆಗೆದ ಸದ್ದು, ಕಾಗದ ಎಣಿಸುವ ಸದ್ದು.

"ಇದೇನ್ರಿ ವಸ್ತಾದರ, ಇಪ್ಪತ್ತೊಂಬತ್ತು ನಿಮಿಷ ಅಂತ ಅದ. ಚೌಕ ಎರಡೂ ಖಾಲಿ ಬಿಟ್ಟೀರಲ್ಲ. ಯಾರು ಗೆದ್ರು?"

ಮಾಯವ್ವ ಬೊಗಸೆಯಲ್ಲಿ ನೀರು ಹಿಡಿದು ನಿಂತಿದ್ದಳು. ನೀರು ಬೆರಳ ಸಂದಿನಿಂದ ಇಳಿದು ಹೋಗುತ್ತಿತ್ತು.

"ಅದನ್ನ ಹಿಡೀಬ್ಯಾಡ್ರಿ," ಎಂದ ದುಂಡಪ್ಪ. "ಅದು ತಾಲೀಮು. ತಾಲೀಮಿನ್ಯಾಗ ಗೆಲುವು ಸೋಲು ಇರಂಗಿಲ್ಲ."

ಗೋದಾವರಿ ಕಾಕಾ ಎಂದಳು, ಮತ್ತೊಮ್ಮೆ ಕಾಕಾ ಎಂದಳು. ಮಾಯವ್ವ ಎದೆಯ ಪಟ್ಟಿಯ ಗುಂಡಿ ಬಿಚ್ಚಿ ಅದನ್ನು ದೋಣಿಯ ಅಂಚಿನ ಮೇಲೆ ಇಟ್ಟಳು. ಕೈಯಲ್ಲಿ ಉಳಿದ ನೀರು ಕೆಳಗೆ ಬಿಟ್ಟು, ಮೈ ತೊಳೆಯದೆ ಓಣಿ ಹಿಡಿದಳು.

ಯಮುನವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮುಖದಿಂದ ಮಂಡಿಯವರೆಗೆ ಕೆಮ್ಮಣ್ಣು ಮೆತ್ತಿಕೊಂಡು ಬಂದ ಮಗಳನ್ನು ಕಂಡು, ತಾಲೀಮಿನ ಮಣ್ಣನ್ನು ಅಲ್ಲಿಯೇ ತೊಳೆದು ಬರಬಾರದೇ, ಮನೆತನಕ ಯಾಕೆ ಹೊತ್ತು ತಂದೆ ಎಂದು ಕೇಳಿದಳು.

"ಇದು ತಾಲೀಮಿನ ಮಣ್ಣಲ್ಲ ಯವ್ವಾ," ಎಂದಳು ಮಾಯವ್ವ.

ಯಮುನವ್ವ ಮೊರ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದು, ಮಗಳ ಭುಜ ಹಿಡಿದು, ನಿಧಾನವಾಗಿ ಆ ಕಡೆ ತಿರುಗಿಸಿದಳು.